ಒಂದೇ ಕೊಟ್ಟಿಗೆಯ ಹೋಲಿಕೆ: ಹಳ್ಳಿ ಶಾಲೆಯ ಮಕ್ಕಳಿಗೆ ಕಾಲೇಜು ಸೀಟು



ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬರುವ ದಿನಗಳಲ್ಲಿ ಊರಿಗೆ ಬರುವ ದನದ ಡಾಕ್ಟರಿಗೆ ಕೆಚ್ಚಲು ಬಾವಿನ ಜೊತೆಗೆ ಇನ್ನೊಂದು ಪ್ರಶ್ನೆಯೂ ಎದುರಾಗುತ್ತದೆ. "ನಮ್ಮ ಹುಡುಗಿ ಶಾಲೆಗೇ ಫಸ್ಟು. ಆದ್ರೆ ಪೇಟೆ ಮಕ್ಕಳ ಮುಂದೆ ಇವಳಿಗೆ ಸೀಟು ಸಿಗುತ್ತಾ ಡಾಕ್ಟ್ರೇ?" ಚಿಕ್ಕ ಮಕ್ಕಳಿರುವ ಮನೆಯಲ್ಲಾದರೆ ಪ್ರಶ್ನೆ ಬೇರೆ ರೂಪದಲ್ಲಿ ಬರುತ್ತದೆ: "ಎಂಟನೇ ಕ್ಲಾಸಿಗೇ ಪೇಟೆ ಶಾಲೆಗೆ ಹಾಕಿಬಿಡೋಣವಾ? ಒಂದು ಹಸು ಮಾರಿದರೆ ಫೀಸು ಆಗುತ್ತೆ."

ಎರಡೂ ಪ್ರಶ್ನೆಗಳ ಹಿಂದೆ ಇರುವುದು ಒಂದೇ ಅಳುಕು. ಹಳ್ಳಿ ಶಾಲೆಯ ಮೊದಲ ಸ್ಥಾನಕ್ಕೆ ಹೊರಗಡೆ ಬೆಲೆ ಇದೆಯೇ ಇಲ್ಲವೇ ಎಂಬುದು. ಅದಕ್ಕೆ ಬೆಲೆ ಇದೆ ಎಂದು ಕಾನೂನು ಮಾಡಿಯೇ ಹೇಳಿದ ಒಂದು ರಾಜ್ಯವಿದೆ, ಅಮೆರಿಕದ ಟೆಕ್ಸಾಸ್. ಅಲ್ಲಿ ಅದು ಹೇಗೆ ನಡೆಯಿತು, ಎಲ್ಲಿ ಸೋತಿತು, ಅದರಿಂದ ನಾವು ತಿಳಿಯಬೇಕಾದದ್ದು ಏನು ಎಂಬುದನ್ನು ಈ ಸಲ ನೋಡೋಣ.

ನಿಮಗೆ ಗೊತ್ತಿರುವ ಲೆಕ್ಕ

ಎರಡು ಹಸುಗಳಿವೆ ಎಂದುಕೊಳ್ಳಿ. ಒಂದು ದಿನಕ್ಕೆ 14 ಲೀಟರ್ ಕೊಡುತ್ತದೆ, ಇನ್ನೊಂದು 10 ಲೀಟರ್. ಯಾವುದು ಒಳ್ಳೆಯ ಹಸು? ಅನುಭವವಿಲ್ಲದವರು 14 ಲೀಟರಿನದು ಎಂದು ಥಟ್ಟನೆ ಹೇಳಿಬಿಡುತ್ತಾರೆ. ನೀವು ಮಾತ್ರ ಹಾಗೆ ಹೇಳುವುದಿಲ್ಲ. "ಏನು ತಿನ್ನಿಸುತ್ತಾರೆ?" ಎಂದು ಮೊದಲು ಕೇಳುತ್ತೀರಿ. ಮೊದಲಿನದಕ್ಕೆ ಹಸಿರು ಮೇವು, ಪಶು ಆಹಾರ, ಖನಿಜ ಮಿಶ್ರಣ ಎಲ್ಲವೂ ಸಿಗುತ್ತಿದ್ದು, ಎರಡನೆಯದು ಬರೀ ಒಣಹುಲ್ಲು ತಿಂದು 10 ಲೀಟರ್ ಕೊಡುತ್ತಿದ್ದರೆ ನಿಮ್ಮ ಕಣ್ಣು ಬೀಳುವುದು ಎರಡನೆಯದರ ಮೇಲೆ. ಅದಕ್ಕೂ ಅಷ್ಟೇ ಮೇವು ಹಾಕಿದರೆ ಎಲ್ಲಿಗೆ ಮುಟ್ಟಬಹುದು ಎಂಬುದು ನಿಮಗೆ ಗೊತ್ತು.

ನಮ್ಮ ವೈದ್ಯ ಶಾಸ್ತ್ರವೂ ಇದನ್ನೇ ಮಾಡುತ್ತದೆ. ಒಂದು ಹೋರಿಯ ವೀರ್ಯ ಒಳ್ಳೆಯದೋ ಅಲ್ಲವೋ ಎಂದು ತಿಳಿಯುವುದು ಹೇಗೆ? ಹೋರಿ ಹಾಲು ಕೊಡುವುದಿಲ್ಲ. ಅದಕ್ಕೆ ಹುಟ್ಟಿದ ಹೆಣ್ಣು ಕರುಗಳು ದೊಡ್ಡವಾಗಿ ಕರು ಹಾಕಿ ಹಿಂಡಿದ ಮೇಲೆ ಅವುಗಳ ಹಾಲನ್ನು ಅಳೆಯಬೇಕು. ಆದರೆ ಆ ಹೆಣ್ಣು ಕರುಗಳು ಹತ್ತಾರು ಊರುಗಳಲ್ಲಿ, ಬೇರೆ ಬೇರೆ ಮನೆಗಳಲ್ಲಿ ಬೆಳೆದಿರುತ್ತವೆ. ಒಬ್ಬರ ಮನೆಯಲ್ಲಿ ನೀರಾವರಿ, ಇನ್ನೊಬ್ಬರಲ್ಲಿ ಮಳೆ ಆಶ್ರಯ. ಹಾಗಾಗಿ ಒಂದೊಂದು ಹಸುವನ್ನೂ ಅದೇ ಕೊಟ್ಟಿಗೆಯಲ್ಲಿ, ಅದೇ ಕಾಲದಲ್ಲಿ ಹಿಂಡುತ್ತಿರುವ ಜೊತೆಯ ಹಸುಗಳೊಂದಿಗೆ ಹೋಲಿಸುತ್ತಾರೆ. ಜೊತೆಯವುಗಳಿಗಿಂತ ಹೆಚ್ಚು ಕೊಟ್ಟರೆ ಅದು ಮೇವಿನ ಗುಣವಲ್ಲ, ತಳಿಯ ಗುಣ.

ಮಕ್ಕಳಿಗೂ ಇದೇ ಲೆಕ್ಕ ಅನ್ವಯಿಸಿದರೆ? ನಗರದಲ್ಲಿ ಟ್ಯೂಷನ್, ಪ್ರಯೋಗಾಲಯ, ಓದಿದ ತಂದೆ ತಾಯಿ ಎಲ್ಲ ಇರುವ ಮಗುವಿನ ಅಂಕವನ್ನು, ಬೆಳಗ್ಗೆ ಡೇರಿಗೆ ಹಾಲು ಹಾಕಿ, ಬಸ್ಸಿಗೆ ಕಾದು ಶಾಲೆಗೆ ಹೋಗುವ ಮಗುವಿನ ಅಂಕದ ಪಕ್ಕ ಇಟ್ಟು ತೂಗುವ ಬದಲು, ಪ್ರತಿ ಮಗುವನ್ನೂ ಅದರದೇ ಶಾಲೆಯ ಜೊತೆಗಾರರೊಂದಿಗೆ ಹೋಲಿಸಿದರೆ? ಟೆಕ್ಸಾಸ್ 1997ರಲ್ಲಿ ಮಾಡಿದ್ದು ಇದನ್ನೇ.

ದನಗಳ ನಾಡಿನ ಕಾನೂನು

ಅಮೆರಿಕದಲ್ಲಿ ಅತಿ ಹೆಚ್ಚು ದನಗಳಿರುವ ರಾಜ್ಯ ಟೆಕ್ಸಾಸ್. ಅಲ್ಲಿನ ಬಿಸಿಲಿಗೂ ಉಣ್ಣೆಗೂ ಜಗ್ಗದ ಬ್ರಾಹ್ಮನ್ ತಳಿ ಬೆಳೆದದ್ದು ನಮ್ಮ ದೇಶದ ಗಿರ್, ಓಂಗೋಲ್, ಕಾಂಕ್ರೇಜ್ ರಾಸುಗಳಿಂದ. ನಮ್ಮ ಉತ್ತರ ಕರ್ನಾಟಕದ ಕೃಷ್ಣಾ ವ್ಯಾಲಿ ತಳಿಯ ರಕ್ತವೂ ಅದರಲ್ಲಿದೆ. ದೊಡ್ಡ ದೊಡ್ಡ ನಗರಗಳ ಜೊತೆಗೆ, ನೂರಾರು ಮೈಲಿ ಹರಡಿದ ಹುಲ್ಲುಗಾವಲಿನ ನಡುವೆ ಸಣ್ಣ ಊರುಗಳೂ ಅಲ್ಲಿವೆ. ಅಂತಹ ಊರುಗಳ ಹೈಸ್ಕೂಲಿನಲ್ಲಿ ಕೊನೆಯ ತರಗತಿಯಲ್ಲಿ 30 ಮಕ್ಕಳಿದ್ದರೆ ಹೆಚ್ಚು.

ಅಲ್ಲಿನ ಅತ್ಯಂತ ಹೆಸರುವಾಸಿ ಸರ್ಕಾರಿ ವಿಶ್ವವಿದ್ಯಾಲಯ ರಾಜಧಾನಿ ಆಸ್ಟಿನ್‌ನಲ್ಲಿದೆ. ಅದು ನಡೆಯುವುದು ಇಡೀ ರಾಜ್ಯದ ತೆರಿಗೆ ಹಣದಿಂದ. ಆದರೆ ಅದರ ಸೀಟುಗಳ ದೊಡ್ಡ ಪಾಲು ಮಹಾನಗರಗಳ ಸುತ್ತಲಿನ ಕೆಲವೇ ಅನುಕೂಲಸ್ಥ ಶಾಲೆಗಳ ಮಕ್ಕಳಿಗೆ ಹೋಗುತ್ತಿತ್ತು. ಕಪ್ಪು ಜನಾಂಗದ ಮತ್ತು ಮೆಕ್ಸಿಕೋ ಮೂಲದ ಮಕ್ಕಳಿಗೆ ಪ್ರವೇಶದಲ್ಲಿ ಸ್ವಲ್ಪ ಆದ್ಯತೆ ಕೊಡಲಾಗುತ್ತಿತ್ತು. 1996ರಲ್ಲಿ ಒಂದು ಫೆಡರಲ್ ನ್ಯಾಯಾಲಯ, ಹಾಪ್‌ವುಡ್ ಎಂಬ ಪ್ರಕರಣದಲ್ಲಿ, ಜನಾಂಗವನ್ನು ನೋಡಿ ಸೀಟು ಕೊಡುವಂತಿಲ್ಲ ಎಂದು ತೀರ್ಪು ಕೊಟ್ಟಿತು. ಆ ಮಕ್ಕಳ ಸಂಖ್ಯೆ ಕುಸಿಯಿತು.

ಆಗ ಮುಂದೆ ಬಂದವರು ಶಾಸಕಿ ಇರ್ಮಾ ರಾಂಗೆಲ್. ಮೆಕ್ಸಿಕೋ ಮೂಲದ ಮಹಿಳೆಯೊಬ್ಬರು ಟೆಕ್ಸಾಸ್ ಶಾಸನಸಭೆಗೆ ಆಯ್ಕೆಯಾದದ್ದು ಅವರಿಂದಲೇ ಮೊದಲು, 1976ರ ಚುನಾವಣೆಯಲ್ಲಿ. ಅವರ ಊರು ಕಿಂಗ್ಸ್‌ವಿಲ್. ಬ್ರಾಹ್ಮನ್ ಮತ್ತು ಶಾರ್ಟ್‌ಹಾರ್ನ್ ಬೆರೆಸಿ ಸಾಂತಾ ಗರ್ಟ್ರೂಡಿಸ್ ಎಂಬ ಹೊಸ ತಳಿ ಕಟ್ಟಿದ ಕಿಂಗ್ ರಾಂಚ್ ಇರುವುದು ಅಲ್ಲೇ. ರಾಂಗೆಲ್ ಮೊದಲು ಶಾಲಾ ಶಿಕ್ಷಕಿ, ಆಮೇಲೆ ವಕೀಲೆ. ಅವರು ವಿಧಾನಸಭೆಯ ಉನ್ನತ ಶಿಕ್ಷಣ ಸಮಿತಿಯ ಅಧ್ಯಕ್ಷೆಯಾಗಿದ್ದಾಗ ತಂದ ಮಸೂದೆ 1997ರಲ್ಲಿ ಕಾನೂನಾಯಿತು. ಸಹಿ ಹಾಕಿದವರು ಆಗ ಅಲ್ಲಿ ಗವರ್ನರ್ ಆಗಿದ್ದ, ಮುಂದೆ ಅಮೆರಿಕದ ಅಧ್ಯಕ್ಷರಾದ ಜಾರ್ಜ್ ಡಬ್ಲ್ಯೂ. ಬುಷ್.

ಕಾನೂನು ಹೇಳುವುದು ಸರಳ. ಟೆಕ್ಸಾಸ್‌ನ ಯಾವುದೇ ಹೈಸ್ಕೂಲಿನಲ್ಲಿ, ತನ್ನ ತರಗತಿಯ ಮೊದಲ ಶೇಕಡಾ 10ರೊಳಗೆ ಬಂದ ಮಗುವಿಗೆ ರಾಜ್ಯದ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಖಾತರಿ. ತರಗತಿಯಲ್ಲಿ 300 ಮಕ್ಕಳಿದ್ದರೆ ಮೊದಲ 30 ಮಂದಿಗೆ, 30 ಮಕ್ಕಳಿದ್ದರೆ ಮೊದಲ 3 ಮಂದಿಗೆ. ಶಾಲೆ ಮಹಾನಗರದ್ದೋ ಹುಲ್ಲುಗಾವಲಿನದ್ದೋ ಎಂಬುದು ಲೆಕ್ಕಕ್ಕಿಲ್ಲ. ಪ್ರವೇಶ ಪರೀಕ್ಷೆಯಲ್ಲಿ ಪೇಟೆ ಮಗುವಿಗಿಂತ ಕಡಿಮೆ ಅಂಕ ಬಂದಿದ್ದರೂ ಪ್ರವೇಶ ನಿರಾಕರಿಸುವಂತಿಲ್ಲ.

ಇದು ಉಳಿದು ಬಂದದ್ದಕ್ಕೂ ಒಂದು ಕಾರಣವಿದೆ. ನಗರದ ಬಡ ಬಡಾವಣೆಗಳ ಶಾಸಕರು ಒಂದು ಪಕ್ಷ, ಹಳ್ಳಿಗಾಡಿನ ಶಾಸಕರು ಹೆಚ್ಚಾಗಿ ಇನ್ನೊಂದು ಪಕ್ಷ. ಬೇರೆ ಯಾವ ವಿಷಯದಲ್ಲೂ ಒಂದಾಗದ ಇವರು ಈ ಕಾನೂನಿನ ವಿಷಯದಲ್ಲಿ ಒಟ್ಟಿಗೆ ನಿಂತರು. ಇಬ್ಬರ ಊರಿನ ಮಕ್ಕಳಿಗೂ ಬಾಗಿಲು ತೆರೆದಿತ್ತಲ್ಲ.

ಫಲ ಬಂತೇ?

ಬಂತು. ಹಿಂದೆ ಆಸ್ಟಿನ್‌ಗೆ ಒಂದು ಮಗುವನ್ನೂ ಕಳಿಸದಿದ್ದ ಶಾಲೆಗಳ ಹೆಸರು ಪ್ರವೇಶ ಪಟ್ಟಿಯಲ್ಲಿ ಕಾಣತೊಡಗಿತು. "ಇವರು ಬಂದು ಫೇಲಾಗುತ್ತಾರೆ" ಎಂದವರು ಬಹಳ ಮಂದಿ ಇದ್ದರು. ಹಾಗೆ ಆಗಲಿಲ್ಲ. ಮುಂದೆ ಅರ್ಥಶಾಸ್ತ್ರಜ್ಞರು ವರ್ಷಗಟ್ಟಲೆ ದಾಖಲೆ ತೆಗೆದು ನೋಡಿದಾಗ, ಈ ಕಾನೂನಿನಿಂದ ಹೊಸದಾಗಿ ಅವಕಾಶ ಸಿಕ್ಕ ಶಾಲೆಗಳ ಮಕ್ಕಳಲ್ಲಿ ಪದವಿ ಮುಗಿಸುವವರು ಹೆಚ್ಚಾಗಿದ್ದರು. ಇವರಿಗಾಗಿ ಜಾಗ ಬಿಟ್ಟುಕೊಡಬೇಕಾಗಿ ಬಂದ ಅನುಕೂಲಸ್ಥ ಶಾಲೆಗಳ ಮಕ್ಕಳ ಗತಿ ಏನಾಯಿತು? ಅವರು ಬೇರೆ ಕಾಲೇಜು ಸೇರಿ ಪದವಿ ಪಡೆದರು, ಅವರ ಗಳಿಕೆಗೂ ಪೆಟ್ಟು ಬೀಳಲಿಲ್ಲ. ಒಣಹುಲ್ಲಿನ ಹಸುವಿಗೆ ಒಳ್ಳೆಯ ಮೇವು ಹಾಕಿದರೆ ಹಾಲು ಏರುತ್ತದೆ. ಮೊದಲೇ ಚೆನ್ನಾಗಿ ತಿಂದ ಹಸುವಿಗೆ ಒಂದು ಹಿಡಿ ಕಡಿಮೆಯಾದರೆ ಅಷ್ಟೇನೂ ಇಳಿಯುವುದಿಲ್ಲ.

ತಕರಾರುಗಳೂ ಇದ್ದವು, ಅವುಗಳಲ್ಲಿ ಹುರುಳೂ ಇದೆ. ಬಹಳ ಪೈಪೋಟಿಯ ಶಾಲೆಯಲ್ಲಿ 11ನೇ ಶೇಕಡಾದಲ್ಲಿ ನಿಂತ ಮಗು ನಿಜವಾಗಿಯೂ ಜಾಣೆಯಾಗಿದ್ದರೂ ಖಾತರಿ ಸಿಗದು. ಅಂಥ ಪೋಷಕರ ದೂರು ಜೋರಾಯಿತು. ಕೆಲವು ಕುಟುಂಬಗಳು ಪೈಪೋಟಿ ಕಡಿಮೆ ಇರುವ ಶಾಲೆಗೆ ಮಕ್ಕಳನ್ನು ಸೇರಿಸತೊಡಗಿದವು, ಅಲ್ಲಾದರೆ ಮೊದಲ ಹತ್ತರಲ್ಲಿ ಬರಬಹುದೆಂದು. ಇನ್ನೊಂದು ಕಹಿ ಸತ್ಯವೂ ಇದೆ: ಬಡವರ ಮಕ್ಕಳು ಒಂದು ಶಾಲೆ, ಉಳ್ಳವರ ಮಕ್ಕಳು ಇನ್ನೊಂದು ಶಾಲೆ ಎಂದು ಬೇರೆ ಬೇರೆಯಾಗಿಯೇ ಉಳಿದಿದ್ದರಿಂದ ಈ ಕಾನೂನು ಫಲ ಕೊಟ್ಟಿತು. ಶಾಲೆಗಳ ನಡುವಿನ ಅಂತರವನ್ನು ಅದು ಮುಚ್ಚಲಿಲ್ಲ.

ಆಸ್ಟಿನ್‌ನಲ್ಲಂತೂ ಖಾತರಿಯ ಮಕ್ಕಳಿಂದಲೇ ಸೀಟುಗಳು ತುಂಬತೊಡಗಿದವು. 2009ರಲ್ಲಿ ಕಾನೂನನ್ನು ತಿದ್ದಿ, ಆ ಒಂದು ವಿಶ್ವವಿದ್ಯಾಲಯ ರಾಜ್ಯದ ಮಕ್ಕಳಿಗೆ ಕೊಡುವ ಸೀಟುಗಳಲ್ಲಿ ಶೇಕಡಾ 75ನ್ನು ಮಾತ್ರ ಹೀಗೆ ತುಂಬಿದರೆ ಸಾಕು ಎಂದರು. ಅರ್ಜಿಗಳು ಹೆಚ್ಚಿದಂತೆ ಗೆರೆ ಮೇಲೇರಿತು. 2019ರ ಪ್ರವೇಶಕ್ಕೆ ಅಲ್ಲಿ ತರಗತಿಯ ಮೊದಲ ಶೇಕಡಾ 6ರೊಳಗೆ ಇರಬೇಕಾಯಿತು, 2026ರ ಪ್ರವೇಶಕ್ಕೆ ಶೇಕಡಾ 5. ಪಶುವೈದ್ಯಕೀಯ ಕಾಲೇಜಿಗೆ ಹೆಸರಾದ ಟೆಕ್ಸಾಸ್ ಎ ಅಂಡ್ ಎಂ ಸೇರಿದಂತೆ ಉಳಿದ ಕಡೆ ಮೊದಲ ಹತ್ತರ ಲೆಕ್ಕವೇ ನಡೆಯುತ್ತಿದೆ.

ಸೀಟು ಕಾದಿತ್ತು, ಮಗು ಬರಲಿಲ್ಲ

ನನ್ನ ದೃಷ್ಟಿಯಲ್ಲಿ ಈ ಕಥೆಯ ಮುಖ್ಯ ಭಾಗ ಇಲ್ಲಿದೆ. ಸೀಟು ಖಾತರಿ ಎಂದು ಕಾನೂನೇ ಹೇಳಿದರೂ ಎಷ್ಟೋ ಹಳ್ಳಿ ಶಾಲೆಗಳಿಂದ, ಬಡ ಬಡಾವಣೆಯ ಶಾಲೆಗಳಿಂದ ವರ್ಷಗಳ ಕಾಲ ಯಾರೂ ಅರ್ಜಿಯನ್ನೇ ಹಾಕಲಿಲ್ಲ.

ಕಾಲುಬಾಯಿ ಜ್ವರದ ಲಸಿಕೆಯನ್ನು ನೆನಪಿಸಿಕೊಳ್ಳಿ. ಲಸಿಕೆ ಉಚಿತ, ತಂಡ ಊರಿಗೇ ಬರುತ್ತದೆ. ಆದರೂ ಒಂದಿಷ್ಟು ರಾಸುಗಳು ತಪ್ಪಿಹೋಗುತ್ತವೆ. ಒಬ್ಬರಿಗೆ ದಿನಾಂಕ ಗೊತ್ತಿರಲಿಲ್ಲ, ಒಬ್ಬರಿಗೆ ಹಾಲು ಇಳಿಯುತ್ತದೆಂಬ ಭಯ, ಇನ್ನೊಬ್ಬರಿಗೆ ಆ ದಿನ ಕೂಲಿ ಕೆಲಸ. ಔಷಧಿ ಇದ್ದರೆ ಸಾಲದು, ಅದು ರಾಸಿನವರೆಗೆ ಮುಟ್ಟಬೇಕು. ಸೀಟಿನದೂ ಹಾಗೆಯೇ. ಟೆಕ್ಸಾಸ್‌ನ ಆ ಮಕ್ಕಳಿಗೆ ಮೂರು ಅಡ್ಡಿಗಳಿದ್ದವು.

ಮೊದಲನೆಯದು ಮಾಹಿತಿ. ಖಾತರಿ ಎಂದರೆ ತಾನಾಗಿ ಸೀಟು ಮನೆಗೆ ಬರುವುದಿಲ್ಲ, ನಿಗದಿತ ದಿನದೊಳಗೆ ಅರ್ಜಿ ಹಾಕಲೇಬೇಕು. ನಿಗದಿತ ವಿಷಯಗಳನ್ನು ಓದಿರಬೇಕು. ಖಾತರಿ ಇರುವುದು ವಿಶ್ವವಿದ್ಯಾಲಯಕ್ಕೆ, ಬೇಕಾದ ಕೋರ್ಸಿಗಲ್ಲ. ಇಂಜಿನಿಯರಿಂಗ್, ನರ್ಸಿಂಗ್‌ನಂಥ ಕೋರ್ಸಿಗೆ ಮತ್ತೆ ಬೇರೆ ಆಯ್ಕೆ ನಡೆಯಬಹುದು. ಇದನ್ನೆಲ್ಲ ಹೇಳುವವರು ಸಣ್ಣ ಊರಿನ ಶಾಲೆಯಲ್ಲಿ ಇರಲಿಲ್ಲ.

ಎರಡನೆಯದು ಹಣ. ಕಾನೂನು ಬಾಗಿಲು ತೆರೆಯಿತೇ ಹೊರತು ಶುಲ್ಕ, ಊಟ, ವಸತಿಯ ಖರ್ಚು ಕೊಡಲಿಲ್ಲ. ಇದನ್ನು ಅರಿತ ಆಸ್ಟಿನ್ ವಿಶ್ವವಿದ್ಯಾಲಯ 1999ರಿಂದ ಅಂತಹ ಶಾಲೆಗಳನ್ನೇ ಆರಿಸಿಕೊಂಡು, ಲಾಂಗ್‌ಹಾರ್ನ್ ಆಪರ್ಚುನಿಟಿ ಎಂಬ ಹೆಸರಿನಲ್ಲಿ ವಿದ್ಯಾರ್ಥಿವೇತನ ಶುರು ಮಾಡಿತು. ಅಧಿಕಾರಿಗಳು ಆ ಶಾಲೆಗಳಿಗೆ ಹೋಗಿ ಮಕ್ಕಳನ್ನು ಕರೆದರು. ಸೇರಿದವರಿಗೆ ಸಣ್ಣ ತರಗತಿಗಳಲ್ಲಿ ಪಾಠ, ಕೈಹಿಡಿದು ನಡೆಸುವವರು. ಆ ಮೇಲೆ ಆ ಶಾಲೆಗಳ ಮಕ್ಕಳು ಬರತೊಡಗಿದರು.

ಮೂರನೆಯದು ಅಳುಕು. "ಅಂಥ ಜಾಗ ನಮ್ಮಂಥವರಿಗಲ್ಲ" ಎಂಬ ಮಾತು. ಇದು ನಮ್ಮೂರಿನಲ್ಲೂ ಕೇಳುವ ಮಾತೇ. ಊರಿನಿಂದ ಒಬ್ಬಳು ಹೋಗಿ ಓದಿ ಬಂದರೆ ಮರುವರ್ಷ ಇನ್ನಿಬ್ಬರಿಗೆ ಧೈರ್ಯ ಬರುತ್ತದೆ. ಆ ಮೊದಲನೆಯವಳನ್ನು ಕಳಿಸುವುದೇ ಕಷ್ಟ.

ನಮ್ಮಲ್ಲಿ ಏನಿದೆ?

ಕರ್ನಾಟಕದಲ್ಲಿ ಟೆಕ್ಸಾಸ್‌ನಂತೆ "ಶಾಲೆಗೆ ಮೊದಲು ಬಂದವರಿಗೆ ಸೀಟು ಖಾತರಿ" ಎಂಬ ಕಾನೂನು ಇಲ್ಲ. ಇಂಜಿನಿಯರಿಂಗ್, ಕೃಷಿ, ಪಶುವೈದ್ಯಕೀಯ ಮುಂತಾದ ಕೋರ್ಸುಗಳ ಸರ್ಕಾರಿ ಸೀಟುಗಳನ್ನು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಇಡೀ ರಾಜ್ಯಕ್ಕೆ ರ‍್ಯಾಂಕ್ ಪಟ್ಟಿ ಮಾಡಿ ಹಂಚುತ್ತದೆ. ಆದರೆ ಮಗು ಯಾವ ಕೊಟ್ಟಿಗೆಯಲ್ಲಿ ಬೆಳೆಯಿತು ಎಂಬುದನ್ನು ನಮ್ಮ ವ್ಯವಸ್ಥೆಯೂ ನೋಡುತ್ತದೆ. ಅದರಲ್ಲಿ ಮೂರು ಬಾಗಿಲುಗಳು ನಿಮ್ಮ ಮಕ್ಕಳಿಗೆ ಸಂಬಂಧಿಸಿದವು.

ಗ್ರಾಮೀಣ ಮೀಸಲಾತಿ: ಶೇಕಡಾ 15. ಒಂದರಿಂದ ಹತ್ತನೇ ತರಗತಿಯವರೆಗೆ ಪೂರಾ ಹತ್ತು ವರ್ಷ ರಾಜ್ಯದ ಗ್ರಾಮೀಣ ಪ್ರದೇಶದ ಶಾಲೆಯಲ್ಲೇ ಓದಿರಬೇಕು.

ಕನ್ನಡ ಮಾಧ್ಯಮ ಮೀಸಲಾತಿ: ಶೇಕಡಾ 5. ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿರಬೇಕು.

ಕೃಷಿಕರ ಕೋಟಾ: ಕೃಷಿ, ಪಶುವೈದ್ಯಕೀಯದಂಥ ಕೋರ್ಸುಗಳಲ್ಲಿ ರೈತರ ಮಕ್ಕಳಿಗೆ ಮೀಸಲಾದ ಸೀಟುಗಳು. ಇದಕ್ಕೆ ಜಮೀನಿನ ದಾಖಲೆಗಳ ಜೊತೆಗೆ ಪ್ರಾಯೋಗಿಕ ಪರೀಕ್ಷೆಯೂ ಇರುತ್ತದೆ. ಮೇವು, ಬೀಜ, ಉಪಕರಣಗಳನ್ನು ಪುಸ್ತಕದಲ್ಲಿ ನೋಡಿದ ಮಗುವಿಗಿಂತ ಕೈಯಲ್ಲಿ ಹಿಡಿದ ಮಗುವಿಗೆ ಇಲ್ಲಿ ಅನುಕೂಲ. ನಿಮ್ಮ ಮಗಳು ಹಾಲು ಹಿಂಡಿ, ಮೇವು ಕತ್ತರಿಸಿ ಕಲಿತದ್ದು ಈ ಪರೀಕ್ಷೆಯಲ್ಲಿ ಕೈಹಿಡಿಯುತ್ತದೆ.

ಈಗ ಹಸು ಮಾರಿ ಎಂಟನೇ ತರಗತಿಗೆ ಪೇಟೆ ಶಾಲೆಗೆ ಸೇರಿಸುವ ಪ್ರಶ್ನೆಗೆ ಬರೋಣ. ಹಾಗೆ ಸೇರಿಸಿದರೆ ಗ್ರಾಮೀಣ ಮೀಸಲಾತಿಯ ಹತ್ತು ವರ್ಷದ ಲೆಕ್ಕ ತುಂಡಾಗುತ್ತದೆ. ಇಂಗ್ಲಿಷ್ ಮಾಧ್ಯಮಕ್ಕೆ ಬದಲಿಸಿದರೆ ಕನ್ನಡ ಮಾಧ್ಯಮದ್ದೂ ಹೋಗುತ್ತದೆ. ಹೈಸ್ಕೂಲಿನ ಮೂರು ವರ್ಷಕ್ಕಾಗಿ, ಮೊದಲ ಏಳು ವರ್ಷದಲ್ಲಿ ಗಳಿಸಿದ ಹಕ್ಕನ್ನು ಬಿಟ್ಟಂತೆ. ನಿಮ್ಮ ಊರಿನ ಹೈಸ್ಕೂಲಿನಲ್ಲಿ ಶಿಕ್ಷಕರೇ ಇಲ್ಲ, ಓಡಾಟ ಸುರಕ್ಷಿತವಲ್ಲ ಎಂಬಂಥ ಕಾರಣಗಳಿದ್ದರೆ ಬದಲಿಸುವುದೇ ಸರಿಯಾಗಬಹುದು. ಆದರೆ ಏನನ್ನು ಬಿಡುತ್ತಿದ್ದೇವೆ ಎಂದು ತಿಳಿದು ಬದಲಿಸಿ. ಹತ್ತನೆಯದು ಮುಗಿದ ಮೇಲೆ ಪಿಯುಸಿಯನ್ನು ಪೇಟೆಯಲ್ಲಿ ಓದಿದರೆ ಈ ಎರಡು ಮೀಸಲಾತಿಗೆ ಅಡ್ಡಿಯಿಲ್ಲ. ಹಸು ಮಾರುವ ಹಣ ಆಗ ಹೆಚ್ಚು ಉಪಯೋಗಕ್ಕೆ ಬರಬಹುದು. ಮಾರದೇ ಇಟ್ಟುಕೊಂಡರೆ ಅದರ ಹಾಲಿನ ಬಟವಾಡೆಯೇ ತಿಂಗಳ ಹಾಸ್ಟೆಲ್ ಖರ್ಚಿಗೆ ಆಸರೆಯಾಗಬಹುದು.

ಈಗಲೇ ಮಾಡಿಡಬಹುದಾದ ಕೆಲಸಗಳು

1. ಮಗು ಶಾಲೆ ಬದಲಿಸಿದ್ದರೆ ಪ್ರತಿ ಶಾಲೆಯಿಂದಲೂ ವ್ಯಾಸಂಗ ಪ್ರಮಾಣಪತ್ರ ಪಡೆಯಿರಿ. ಯಾವ ವರ್ಷ, ಯಾವ ತರಗತಿ, ಯಾವ ಮಾಧ್ಯಮ ಎಂಬುದು ಅದರಲ್ಲಿರಲಿ. ಮುಖ್ಯ ಶಿಕ್ಷಕರ ಸಹಿಯ ಜೊತೆಗೆ ಕ್ಷೇತ್ರ ಶಿಕ್ಷಣಾಧಿಕಾರಿಯ ಮೇಲುಸಹಿ ಬೇಕು. ಕೌನ್ಸೆಲಿಂಗ್ ವಾರದಲ್ಲಿ ಓಡಾಡುವ ಬದಲು ಹತ್ತನೇ ತರಗತಿ ಮುಗಿದ ಕೂಡಲೇ ಮಾಡಿಸಿಡಿ.

2. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಪಡೆಯಿರಿ. ಸಾಮಾನ್ಯ ವರ್ಗದವರಿಗೂ ಗ್ರಾಮೀಣ ಮೀಸಲಾತಿಗೆ ಪ್ರತ್ಯೇಕ ಪ್ರಮಾಣಪತ್ರ ಬೇಕಾಗುತ್ತದೆ.

3. ಆಧಾರ್, ಅಂಕಪಟ್ಟಿ, ಪಹಣಿ ಇವುಗಳಲ್ಲಿ ಹೆಸರು ಮತ್ತು ಇನಿಷಿಯಲ್ ಒಂದೇ ರೀತಿ ಇವೆಯೇ ನೋಡಿ. ತಿದ್ದುಪಡಿಗೆ ಸಮಯ ಹಿಡಿಯುತ್ತದೆ.

4. ಸಿಇಟಿ ಅರ್ಜಿ ಹಾಕುವಾಗಲೇ ಗ್ರಾಮೀಣ, ಕನ್ನಡ ಮಾಧ್ಯಮ, ಕೃಷಿಕರ ಕೋಟಾಗಳನ್ನು ಗುರುತು ಮಾಡಬೇಕು. ಸೈಬರ್ ಸೆಂಟರಿನವರಿಗೆ ಬಿಟ್ಟು ಬರಬೇಡಿ, ಪಕ್ಕದಲ್ಲಿ ಕೂತು ಹಾಕಿಸಿ. ನಿಯಮಗಳು ಬದಲಾಗುವುದುಂಟು. ಆ ವರ್ಷದ ಮಾಹಿತಿ ಪುಸ್ತಕವನ್ನೇ ನಂಬಿ.

5. ಇಂಜಿನಿಯರಿಂಗ್ ರ‍್ಯಾಂಕಿಗೆ ಪಿಯುಸಿಯ ವಿಜ್ಞಾನ, ಗಣಿತದ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಹಾಗಾಗಿ "ಪಿಯುಸಿ ಪಾಸಾದರೆ ಸಾಕು" ಎಂಬ ಮಾತಿಗೆ ಕಿವಿಗೊಡಬೇಡಿ.

6. ಸರ್ಕಾರದ ವಿದ್ಯಾರ್ಥಿವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಪ್ರತಿ ವರ್ಷ ಅರ್ಜಿ ಹಾಕಬೇಕು. ಹಾಸ್ಟೆಲ್ ಸೌಲಭ್ಯ, ಪ್ರತಿಭಾ ಪುರಸ್ಕಾರದ ಬಗ್ಗೆ ನಿಮ್ಮ ಸಂಘದ ಕಾರ್ಯದರ್ಶಿಯನ್ನು ಕೇಳಿ.

ಸಂಘ ಮಾಡಬಹುದಾದ ಕೆಲಸವೂ ಒಂದಿದೆ. ಫೆಬ್ರವರಿ ತಿಂಗಳ ಒಂದು ಸಭೆಯಲ್ಲಿ, ಹತ್ತನೇ ತರಗತಿ ಮತ್ತು ದ್ವಿತೀಯ ಪಿಯುಸಿ ಓದುತ್ತಿರುವ ಸದಸ್ಯೆಯರ ಮಕ್ಕಳ ಪಟ್ಟಿ ಮಾಡಿ. ಊರಿನಿಂದ ಓದಿ ಬಂದವರು ಯಾರಾದರೂ ಇದ್ದರೆ ಆ ದಿನ ಕರೆಸಿ ಮಾತಾಡಿಸಿ. ಲಸಿಕೆ ಹಾಕುವಾಗ ಮನೆ ಮನೆಯ ರಾಸುಗಳ ಪಟ್ಟಿ ಮಾಡುತ್ತೇವಲ್ಲ, ಹಾಗೆಯೇ ಒಂದು ಮಗುವೂ ತಪ್ಪದಂತೆ.

ಇನ್ನು ಶಾಲೆಗೇ ಮೊದಲು ಬಂದ ಮಗಳ ಬಗ್ಗೆ. ಅವಳ ಅಂಕವನ್ನು ಪೇಟೆಯ ಯಾರದೋ ಅಂಕದ ಪಕ್ಕ ಇಟ್ಟು ನಿಟ್ಟುಸಿರು ಬಿಡಬೇಡಿ, ಅವಳ ಎದುರಿಗಂತೂ ಬೇಡವೇ ಬೇಡ. ಅದೇ ಮೇಷ್ಟ್ರು, ಅದೇ ಬೆಂಚು, ಅದೇ ಕರೆಂಟು ಹೋಗುವ ಸಂಜೆಗಳಲ್ಲಿ ಓದಿದವರ ನಡುವೆ ಅವಳು ಮುಂದೆ ಬಂದಿದ್ದಾಳೆ. ಇನ್ನು ಅವಳಿಗೆ ಬೇಕಾಗಿರುವುದು ಒಳ್ಳೆಯ ಮೇವು ಮತ್ತು ಸರಿಯಾದ ಕಾಗದಪತ್ರ.

– ಪಶುವೈದ್ಯಾಧಿಕಾರಿ